ಏರು ಹತ್ತುವಾಗ ಹಿಡಿದುಕೊಳ್ಳುವ ಮೀನಖಂಡ: ರಕ್ತದ ಹರಿವಿನ ಗುಣ ಮತ್ತು ಕಾಲಿನ ಅಪಧಮನಿ ರೋಗ — ಒಂದು ಪ್ರಕರಣ ಅಧ್ಯಯನ

ಹೊಸನಗರ ತಾಲ್ಲೂಕಿನ 61 ವರ್ಷದ ಅಡಿಕೆ ಬೆಳೆಗಾರರೊಬ್ಬರು ಜನವರಿ ತಿಂಗಳಲ್ಲಿ ಎಡಗಾಲಿನ ಮೀನಖಂಡದ ನೋವಿಗಾಗಿ ಶಿವಮೊಗ್ಗಕ್ಕೆ ಬಂದರು. ಸಮತಟ್ಟಾದ ದಾರಿಯಲ್ಲಿ ಮುನ್ನೂರು ಮೀಟರ್‌ನಷ್ಟು ನಡೆದ ಮೇಲೆ ಕಾಣಿಸಿಕೊಳ್ಳುತ್ತಿದ್ದ ನೋವು ಅವರಿಗೆ ಎರಡು ವರ್ಷಗಳಿಂದ ಪರಿಚಿತವಾಗಿತ್ತು. ಮಲೆನಾಡಿನ ಹೆಚ್ಚಿನ ಮನೆಗಳಂತೆ ಇವರದೂ ತೋಟ ತಗ್ಗಿನಲ್ಲಿ, ಮನೆ ದಿಬ್ಬದ ಮೇಲೆ ಇರುವುದರಿಂದ ದಿನಕ್ಕೆ ನಾಲ್ಕೈದು ಬಾರಿ ಏರು ಹತ್ತಲೇಬೇಕು. ಆ ಏರಿನ ನಡುವೆ ಒಮ್ಮೆ ನಿಂತು ಸುಧಾರಿಸಿಕೊಳ್ಳುವುದನ್ನು ಅವರು ವಯಸ್ಸಿನ ಲೆಕ್ಕಕ್ಕೆ ಸೇರಿಸಿಬಿಟ್ಟಿದ್ದರು. ಆದರೆ ಅಡಿಕೆ ಗೊನೆಗಳ ಕೊಯ್ಲು ಮುಗಿಯುವ ಹೊತ್ತಿಗೆ, ಕೇವಲ ಒಂದೂವರೆ ತಿಂಗಳಲ್ಲಿ, ನೂರು ಮೀಟರ್ ನಡೆಯುವುದೂ ಕಷ್ಟವಾಯಿತು. "ಡಾಕ್ಟ್ರೇ, ಮೀನಖಂಡ ಹಗ್ಗ ಹಾಕಿ ಬಿಗಿದ ಹಾಗೆ ಆಗ್ತದೆ, ಒಂದು ಗಳಿಗೆ ನಿಂತ್ರೆ ಸಮ ಆಗ್ತದೆ, ಮತ್ತೆ ಅಷ್ಟೇ ದೂರ ಹೋದ್ರೆ ಮತ್ತೆ ಹಿಡಿತದೆ" ಎಂದು ಅವರು ಹೇಳಿದ ಮಾತಿನಲ್ಲಿ ರೋಗನಿರ್ಣಯದ ಮುಕ್ಕಾಲು ಪಾಲು ಇತ್ತು. ನಡೆದರೆ ಬರುವ, ನಿಂತರೆ ಕೆಲವೇ ನಿಮಿಷಗಳಲ್ಲಿ ಹೋಗುವ, ಪ್ರತಿ ಬಾರಿಯೂ ಹೆಚ್ಚುಕಡಿಮೆ ಅಷ್ಟೇ ದೂರಕ್ಕೆ ಮರುಕಳಿಸುವ ನೋವು ಸ್ನಾಯುವಿಗೆ ಸಾಕಷ್ಟು ರಕ್ತ ತಲುಪದಿರುವುದರ ಗುರುತು. ಬೆನ್ನುಮೂಳೆಯಲ್ಲಿ ನರ ಒತ್ತಿಕೊಂಡು ಬರುವ ನೋವಿನಲ್ಲಿ ಸುಮ್ಮನೆ ನಿಂತರೆ ಸಾಲದು, ಕೂರಬೇಕು ಅಥವಾ ಮುಂದಕ್ಕೆ ಬಾಗಬೇಕು. ಇವರಿಗೆ ಆ ಅಗತ್ಯ ಬೀಳುತ್ತಿರಲಿಲ್ಲ.

ಈ ಬರಹದ ರೋಗಿ ಒಬ್ಬ ನಿರ್ದಿಷ್ಟ ವ್ಯಕ್ತಿಯಲ್ಲ. ಇಂಥ ತೊಂದರೆಯಿಂದ ಬರುವವರಲ್ಲಿ ಕಾಣುವ ಲಕ್ಷಣಗಳನ್ನೂ ಪರೀಕ್ಷೆಯ ಅಂಕಿಗಳನ್ನೂ ಒಂದೇ ಪ್ರಕರಣವಾಗಿ ಹೆಣೆಯಲಾಗಿದೆ. ಇದನ್ನು ಬರೆಯಲು ಕಾರಣವಾದ ಪ್ರಶ್ನೆ ಒಂದೇ: ಅಪಧಮನಿಯ ಕಿರಿದಾಗುವಿಕೆ ವರ್ಷಗಳ ಕಾಲ ನಿಧಾನವಾಗಿ ಬೆಳೆಯುವಂಥದ್ದಾದರೆ, ನಡೆಯಬಲ್ಲ ದೂರ ಆರೇ ವಾರಗಳಲ್ಲಿ ಮೂರನೇ ಒಂದು ಭಾಗಕ್ಕೆ ಇಳಿದದ್ದೇಕೆ?

ಹಿನ್ನೆಲೆ ಮತ್ತು ತಪಾಸಣೆ

ಇಪ್ಪತ್ತನೆಯ ವಯಸ್ಸಿನಿಂದ ದಿನಕ್ಕೆ ಒಂದು ಕಟ್ಟು ಬೀಡಿ. ಊಟದ ನಂತರ ಎಲೆಅಡಿಕೆಯ ಜೊತೆಗೆ ಹೊಗೆಸೊಪ್ಪು. ಸಕ್ಕರೆ ಕಾಯಿಲೆ ಇಲ್ಲ, ರಕ್ತದೊತ್ತಡ ಇದೆ. ಅಕ್ಟೋಬರ್ ತಿಂಗಳಲ್ಲಿ ಒತ್ತಡ ಹತೋಟಿಗೆ ಬರಲಿಲ್ಲವೆಂದು, ಮೂತ್ರದ ಮೂಲಕ ಉಪ್ಪು ಮತ್ತು ನೀರನ್ನು ಹೊರಹಾಕುವ ಬಗೆಯ ಮಾತ್ರೆಯೊಂದನ್ನು ಸೇರಿಸಲಾಗಿತ್ತು. ಒತ್ತಡ ತಗ್ಗಿಸಲು ಅದು ಒಳ್ಳೆಯ ಔಷಧಿಯೇ; ಆದರೆ ಈ ವಿವರಕ್ಕೆ ಮುಂದೆ ಮತ್ತೆ ಬರಬೇಕಾಗುತ್ತದೆ. ಕೊಯ್ಲಿನ ದಿನಗಳಲ್ಲಿ ಬೆಳಿಗ್ಗೆಯಿಂದ ರಾತ್ರಿಯವರೆಗೆ ಅಡಿಕೆ ಬೇಯಿಸುವ ಒಲೆಯ ಮುಂದೆ ಕೆಲಸ, ಚಹಾ ಐದಾರು ಸಲ, ನೀರು ಮಾತ್ರ ಅಪರೂಪ. ಚಳಿಗಾಲದಲ್ಲಿ ಬಾಯಾರಿಕೆ ಆಗುವುದಿಲ್ಲವೆಂದು ಅವರೇ ಹೇಳಿದರು. ಅವರ ಪತ್ನಿ ಸೇರಿಸಿದ ಮಾತು ಬೇರೆ: "ಇವ್ರು ನೀರು ಕುಡಿಯೋದು ಮಾತ್ರೆ ನುಂಗೋಕೆ ಮಾತ್ರ."

ತೊಡೆಸಂದಿನ ನಾಡಿ ಎರಡೂ ಕಡೆ ಚೆನ್ನಾಗಿ ಸಿಗುತ್ತಿತ್ತು. ಎಡಗಾಲಿನಲ್ಲಿ ಮಂಡಿಯ ಹಿಂದಿನ ನಾಡಿಯಾಗಲಿ, ಪಾದದ ಮೇಲಿನ ನಾಡಿಯಾಗಲಿ ಬೆರಳಿಗೆ ಸಿಗಲಿಲ್ಲ. ಕಾಲಿನ ಕೆಳಭಾಗದ ರೋಮ ಉದುರಿ ಚರ್ಮ ತೆಳುವಾಗಿತ್ತು. ಹುಣ್ಣು ಇರಲಿಲ್ಲ, ಬೆರಳುಗಳ ಬಣ್ಣ ಕೆಟ್ಟಿರಲಿಲ್ಲ, ರಾತ್ರಿ ಮಲಗಿದಾಗ ಪಾದ ನೋಯುತ್ತಿರಲಿಲ್ಲ. ಮುಖ ಮಾತ್ರ ಕೆಂಪಡರಿದಂತೆ ಕಾಣುತ್ತಿತ್ತು, ಕಣ್ಣಿನ ಬಿಳಿಭಾಗದ ನಾಳಗಳು ತುಂಬಿಕೊಂಡಿದ್ದವು.

ತೋಳಿನ ಒತ್ತಡದೊಂದಿಗೆ ಕಣಕಾಲಿನ ಒತ್ತಡವನ್ನು ಹೋಲಿಸುವುದು ಈ ರೋಗದ ಮೊದಲ ಪರೀಕ್ಷೆ. ತೋಳಿನಲ್ಲಿ ಮೇಲಿನ ಒತ್ತಡ 148 ಮಿ.ಮೀ., ಬಲ ಕಣಕಾಲಿನಲ್ಲಿ 132, ಎಡ ಕಣಕಾಲಿನಲ್ಲಿ 86. ಅನುಪಾತ ಬಲಕ್ಕೆ 0.89, ಎಡಕ್ಕೆ 0.58. ಇದು 0.90 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅಪಧಮನಿ ರೋಗವಿದೆಯೆಂದು ಅರ್ಥ. ಹಾಗೆ ನೋಡಿದರೆ ನೋವಿಲ್ಲದ ಬಲಗಾಲೂ ರೋಗದಿಂದ ಹೊರತಾಗಿರಲಿಲ್ಲ. ನಾಳಗಳಲ್ಲಿ ರಕ್ತದ ಹರಿವನ್ನು ತೋರಿಸುವ ಡಾಪ್ಲರ್ ಸ್ಕ್ಯಾನಿನಲ್ಲಿ, ಎಡ ತೊಡೆಯ ಮುಖ್ಯ ಅಪಧಮನಿಯು ಮಂಡಿಯ ತುಸು ಮೇಲೆ, ಸ್ನಾಯುಗಳ ನಡುವಿನ ಇಕ್ಕಟ್ಟಾದ ಹಾದಿಯಲ್ಲಿ ಸುಮಾರು ಆರು ಸೆಂಟಿಮೀಟರ್ ಉದ್ದಕ್ಕೆ ಪೂರ್ತಿ ಮುಚ್ಚಿಹೋಗಿತ್ತು. ತೊಡೆಯ ಆಳದ ಅಪಧಮನಿಯಿಂದ ಹೊರಟ ಸಣ್ಣ ಸಣ್ಣ ಬಳಸುನಾಳಗಳು ಆ ಅಡ್ಡಿಯನ್ನು ಸುತ್ತಿಕೊಂಡು ಹೋಗಿ ಮಂಡಿಯ ಹಿಂದಿನ ಅಪಧಮನಿಗೆ ರಕ್ತ ತುಂಬುತ್ತಿದ್ದವು. ಬಲಗಾಲಿನಲ್ಲಿ ಅದೇ ಜಾಗದಲ್ಲಿ ಅರ್ಧದಷ್ಟು ಕಿರಿದಾಗಿತ್ತು.

ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 18.4, ಪಿಸಿವಿ ಅಥವಾ ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಪಾಲು) ಶೇ. 55, ಬಿಳಿ ರಕ್ತಕಣ 9,800, ಫೈಬ್ರಿನೋಜನ್ ಎಂಬ ಪ್ರೋಟೀನು ಡೆಸಿಲೀಟರಿಗೆ 520 ಮಿ.ಗ್ರಾಂ, ಕೆಟ್ಟ ಕೊಲೆಸ್ಟರಾಲ್ 142. ಕೆಂಪುಕಣಗಳು ತಳಕ್ಕಿಳಿಯುವ ವೇಗವನ್ನು ಅಳೆದು ಉರಿಯೂತದ ಸುಳಿವು ಕೊಡುವ ಇಎಸ್ಆರ್ ಕೇವಲ 6 ಇತ್ತು. ಇದನ್ನು ನೋಡಿ ಉರಿಯೂತವಿಲ್ಲವೆಂದು ತೀರ್ಮಾನಿಸಿದರೆ ದಾರಿ ತಪ್ಪಿದಂತೆ: ಕೆಂಪುಕಣಗಳು ಇಷ್ಟು ದಟ್ಟವಾಗಿದ್ದಾಗ ಅವು ಕೊಳವೆಯಲ್ಲಿ ಬೇಗ ತಳಕ್ಕಿಳಿಯುವುದಿಲ್ಲ, ಆದ್ದರಿಂದ ಫೈಬ್ರಿನೋಜನ್ ಎಷ್ಟೇ ಏರಿದ್ದರೂ ಇಎಸ್ಆರ್ ತಗ್ಗಿಯೇ ಇರುತ್ತದೆ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಶೇ. 91 ತೋರಿಸಿತು. ಬೀಡಿ ಸೇದುವವರಲ್ಲಿ ಈ ಉಪಕರಣ ಕಾರ್ಬನ್ ಮಾನಾಕ್ಸೈಡ್ ಹಿಡಿದ ಹಿಮೋಗ್ಲೋಬಿನ್ನನ್ನೂ ಆಮ್ಲಜನಕ ಹೊತ್ತದ್ದೆಂದೇ ಎಣಿಸುವುದರಿಂದ ನಿಜವಾದ ಪ್ರಮಾಣ ಇನ್ನೂ ಕೆಳಗಿತ್ತು. ಶ್ವಾಸಕೋಶದ ಊದುಪರೀಕ್ಷೆಯಲ್ಲಿ ಸಿಒಪಿಡಿ, ಅಂದರೆ ಶ್ವಾಸನಾಳಗಳು ಕಿರಿದಾಗುವ ದೀರ್ಘಕಾಲದ ಕಾಯಿಲೆ, ಖಚಿತವಾಯಿತು.

ಮೊದಲು ತಳ್ಳಿಹಾಕಬೇಕಾದ ಎರಡು ಸಾಧ್ಯತೆಗಳು

ಇದ್ದಕ್ಕಿದ್ದಂತೆ ಹದಗೆಟ್ಟ ಕಾಲನ್ನು ನೋಡಿದಾಗ, ಹೃದಯದಿಂದ ಗೆಡ್ಡೆಗಟ್ಟಿದ ರಕ್ತ ಹೊರಟು ಬಂದು ಸಿಕ್ಕಿಕೊಂಡಿರಬಹುದೇ ಅಥವಾ ಹಳೆಯ ಕಿರಿದಾದ ಜಾಗದಲ್ಲೇ ಹೊಸದಾಗಿ ಹೆಪ್ಪುಗಟ್ಟಿರಬಹುದೇ ಎಂದು ಮೊದಲು ಯೋಚಿಸಬೇಕು, ಏಕೆಂದರೆ ಅಲ್ಲಿ ಗಂಟೆಗಳ ಲೆಕ್ಕದಲ್ಲಿ ಕಾಲು ಕಳೆದುಹೋಗುತ್ತದೆ. ತಣ್ಣಗಾದ, ಬಿಳಿಚಿಕೊಂಡ, ಸ್ಪರ್ಶ ತಿಳಿಯದ, ಬೆರಳು ಆಡಿಸಲಾಗದ ಪಾದ ಅದರ ಲಕ್ಷಣ. ಇವರ ಪಾದ ಬಲಪಾದಕ್ಕಿಂತ ತುಸು ತಣ್ಣಗಿತ್ತಷ್ಟೆ. ಸ್ಪರ್ಶವೂ ಚಲನೆಯೂ ಸರಿಯಾಗಿದ್ದವು, ಡಾಪ್ಲರಿನಲ್ಲಿ ಪಾದದ ನಾಳದ ಸದ್ದು ಕೇಳುತ್ತಿತ್ತು, ಇಸಿಜಿಯಲ್ಲಿ ಹೃದಯದ ಲಯ ಕ್ರಮವಾಗಿತ್ತು. ಮುಚ್ಚಿದ ಭಾಗದ ಒಳಗಿನ ವಸ್ತು ಸ್ಕ್ಯಾನಿನಲ್ಲಿ ಹಳೆಯದಾಗಿಯೇ ಕಂಡಿತು, ಸುತ್ತಲಿನ ಬಳಸುನಾಳಗಳು ಬಲಿತಿದ್ದವು. ಅಂಥ ನಾಳಗಳು ಆರು ವಾರಗಳಲ್ಲಿ ಬೆಳೆಯುವುದಿಲ್ಲ.

ಬೀಡಿ ಸೇದುವವರಲ್ಲಿ ಮರೆಯಬಾರದ ಇನ್ನೊಂದು ರೋಗ ಬರ್ಜರ್ ಕಾಯಿಲೆ. ಅದು ಸಾಮಾನ್ಯವಾಗಿ ಐವತ್ತರ ಒಳಗೇ ಶುರುವಾಗುತ್ತದೆ, ಪಾದ ಮತ್ತು ಕೈಬೆರಳುಗಳ ಸಣ್ಣ ನಾಳಗಳನ್ನು ಹಿಡಿಯುತ್ತದೆ. ಇಲ್ಲಿ ವಯಸ್ಸೂ ಹೊಂದಲಿಲ್ಲ, ಜಾಗವೂ ಹೊಂದಲಿಲ್ಲ.

ಹರಿವಿನ ಲೆಕ್ಕ

ಕೊಳವೆಯಲ್ಲಿ ದ್ರವ ಹರಿಯುವ ನಿಯಮವನ್ನು 1840ರ ದಶಕದಲ್ಲಿ ನಿಖರವಾಗಿ ಕೊಟ್ಟವರಲ್ಲಿ ಫ್ರಾನ್ಸಿನ ವೈದ್ಯ ಪ್ವಾಸೆಯ್ ಪ್ರಮುಖರು. ಹರಿವು ಎರಡು ತುದಿಗಳ ಒತ್ತಡದ ವ್ಯತ್ಯಾಸಕ್ಕೆ ನೇರ ಅನುಪಾತದಲ್ಲಿಯೂ, ಕೊಳವೆಯ ಉದ್ದ ಮತ್ತು ದ್ರವದ ಸ್ನಿಗ್ಧತೆಗೆ (ಹರಿಯಲು ದ್ರವವೇ ಒಡ್ಡುವ ತಡೆ, ಅಂದರೆ ಅದರ ಮಂದತನ) ವಿಲೋಮ ಅನುಪಾತದಲ್ಲಿಯೂ ಇರುತ್ತದೆ. ತ್ರಿಜ್ಯದ ವಿಷಯದಲ್ಲಿ ಮಾತ್ರ ಅದರ ನಾಲ್ಕನೇ ಘಾತಕ್ಕೆ ಅನುಗುಣವಾಗಿರುತ್ತದೆ. ಅಂದರೆ ತ್ರಿಜ್ಯ ಅರ್ಧವಾದರೆ ಹರಿವು ಹದಿನಾರನೇ ಒಂದು ಭಾಗಕ್ಕೆ ಇಳಿಯುತ್ತದೆ, ಸ್ನಿಗ್ಧತೆ ಶೇ. 10ರಷ್ಟು ಏರಿದರೆ ಹರಿವು ಸುಮಾರು ಶೇ. 9ರಷ್ಟು ತಗ್ಗುತ್ತದೆ. ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದ ಯಾರಿಗಾದರೂ ನಾಳದ ಅಗಲವೇ ಎಲ್ಲವೂ, ರಕ್ತದ ಗುಣ ನಗಣ್ಯ ಎನ್ನಿಸುವುದು ಸಹಜ. ಆರೋಗ್ಯವಂತ ಕಾಲಿನ ಮಟ್ಟಿಗೆ ಆ ತೀರ್ಮಾನ ಬಹುಪಾಲು ಸರಿಯೂ ಹೌದು. ಅಲ್ಲಿ ಸ್ನಾಯುವಿನೊಳಗಿನ ಕಿರುಅಪಧಮನಿಗಳು ವಿಶ್ರಾಂತಿಯಲ್ಲಿ ಬಿಗಿಹಿಡಿದುಕೊಂಡಿರುತ್ತವೆ, ನಡೆಯತೊಡಗಿದಾಗ ಸಡಿಲಗೊಂಡು ಹರಿವನ್ನು ಹತ್ತು ಪಟ್ಟಿಗೂ ಹೆಚ್ಚು ಏರಿಸಬಲ್ಲವು. ರಕ್ತ ತುಸು ದಪ್ಪವಾದರೆ ಅವು ಇನ್ನಷ್ಟು ಸಡಿಲಗೊಂಡು ಕೊರತೆಯನ್ನು ತುಂಬುತ್ತವೆ. ಮನುಷ್ಯನಿಗೆ ಗೊತ್ತೇ ಆಗುವುದಿಲ್ಲ.

ನಮ್ಮ ರೋಗಿಯ ಎಡಗಾಲಿನಲ್ಲಿ ಈ ಮೀಸಲು ಮುಗಿದಿತ್ತು. ಮೇಲಿನ ಅಡ್ಡಿಯಿಂದಾಗಿ ಒತ್ತಡ ಆಗಲೇ 86ಕ್ಕೆ ಇಳಿದಿದ್ದರಿಂದ ಕೆಳಗಿನ ಕಿರುನಾಳಗಳು ಸುಮ್ಮನೆ ಕುಳಿತಾಗಲೂ ಬಹಳಷ್ಟು ತೆರೆದುಕೊಂಡಿರುತ್ತವೆ, ಏರು ಹತ್ತುವಾಗ ತೆರೆದುಕೊಳ್ಳಲು ಅವಕ್ಕೆ ಉಳಿದಿರುವ ಜಾಗ ಅತ್ಯಲ್ಪ. ನಾಳದ ಅಗಲವನ್ನು ಇನ್ನು ಹೆಚ್ಚಿಸಲಾಗದೆಂದಾಗ ಸಮೀಕರಣದಲ್ಲಿ ಬದಲಾಗಬಲ್ಲವು ಎರಡೇ: ಒತ್ತಡ ಮತ್ತು ಸ್ನಿಗ್ಧತೆ. ಆರೋಗ್ಯವಂತನಲ್ಲಿ ಲೆಕ್ಕಕ್ಕೇ ಬಾರದ ಸ್ನಿಗ್ಧತೆ ಇಲ್ಲಿ ನೇರವಾಗಿ ನಡಿಗೆಯ ದೂರವನ್ನು ನಿರ್ಧರಿಸತೊಡಗುತ್ತದೆ. ಈ ಪ್ರಕರಣದ ತಿರುಳು ಇದೇ ಎಂಬುದು ನನ್ನ ಅಭಿಪ್ರಾಯ.

ಇಲ್ಲೊಂದು ಸೂಕ್ಷ್ಮವಿದೆ. ಚಿಕ್ಕದಾದ, ಬಿಗಿಯಾದ ಕಿರಿದುಜಾಗದಲ್ಲಿ ಒತ್ತಡ ನಷ್ಟವಾಗುವುದು ಹೆಚ್ಚಾಗಿ ಸ್ನಿಗ್ಧತೆಯಿಂದಲ್ಲ. ರಕ್ತ ಅಲ್ಲಿ ವೇಗ ಪಡೆದು, ದಾಟಿದ ಕೂಡಲೇ ಅಗಲವಾದ ನಾಳಕ್ಕೆ ಚಿಮ್ಮಿ ಸುಳಿಯಾಗುತ್ತದೆ, ಆ ಸುಳಿಯಲ್ಲಿ ಶಕ್ತಿ ಕರಗುತ್ತದೆ. ಈ ನಷ್ಟ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಬಲಗಾಲಿನಲ್ಲಿ ಆಗುತ್ತಿದ್ದದ್ದು ಇದು. ಕುಳಿತಾಗ 132 ಇದ್ದ ಕಣಕಾಲಿನ ಒತ್ತಡ, ಆಸ್ಪತ್ರೆಯ ಪಡಸಾಲೆಯಲ್ಲಿ ನೋವು ಬರುವವರೆಗೆ ನಡೆಸಿ ಕೂಡಲೇ ಅಳೆದಾಗ 98ಕ್ಕೆ ಇಳಿದಿತ್ತು. ಎಡಗಾಲಿನ ಪರಿಸ್ಥಿತಿ ಬೇರೆ. ಅಲ್ಲಿ ರಕ್ತ ಸಾಗುವುದು ಉದ್ದವಾದ, ಸಪೂರವಾದ, ಅಂಕುಡೊಂಕಾದ ಬಳಸುನಾಳಗಳ ಮೂಲಕ. ಒಂದು ಮುಖ್ಯ ನಾಳದ ಅರ್ಧ ತ್ರಿಜ್ಯವಿರುವ, ಅಷ್ಟೇ ಉದ್ದದ ನಾಳಗಳು ಹದಿನಾರು ಇದ್ದರೆ ಮಾತ್ರ ಅದರ ಹರಿವಿಗೆ ಸಮ. ಇಂಥ ನಾಳಗಳಲ್ಲಿ ತಡೆಯ ಬಹುಪಾಲು ಸ್ನಿಗ್ಧತೆಯದೇ. ಹಾಗಾಗಿ ರಕ್ತ ದಪ್ಪವಾದಾಗ ಮುಚ್ಚಿಹೋದ ಎಡಗಾಲು ದಂಡ ತೆತ್ತಿತು, ಅರ್ಧ ಕಿರಿದಾದ ಬಲಗಾಲು ಹೆಚ್ಚುಕಡಿಮೆ ಮೊದಲಿನಂತೆಯೇ ಉಳಿಯಿತು.

ರಕ್ತ ದಪ್ಪವಾಗುವ ಬಗೆ

ಆರೋಗ್ಯವಂತರ ರಕ್ತ ವೇಗವಾಗಿ ಹರಿಯುವಾಗ ಅದರ ಸ್ನಿಗ್ಧತೆ ನೀರಿನ ನಾಲ್ಕೈದು ಪಟ್ಟು ಇರುತ್ತದೆ. ಅದನ್ನು ನಿರ್ಧರಿಸುವ ಮೊದಲ ಅಂಶ ಹೆಮಟೋಕ್ರಿಟ್. ಅದು ಒಂದು ಶೇಕಡಾ ಅಂಶ ಏರಿದರೆ ಸ್ನಿಗ್ಧತೆ ಶೇ. 4ರವರೆಗೂ ಏರಬಹುದು, 46ರ ಆಸುಪಾಸಿನಲ್ಲಿ ಇರಬೇಕಾಗಿದ್ದದ್ದು ಇವರಲ್ಲಿ 55 ಇತ್ತು. ರೋಗಿಯ ಮಗನಿಗೆ ಇದನ್ನು ವಿವರಿಸಲು ಚೊಗರಿನ ಉದಾಹರಣೆ ಸಾಕಾಯಿತು: ಅಡಿಕೆ ಬೇಯಿಸಿದ ನೀರನ್ನು ದಿನದಿನವೂ ಕುದಿಸುತ್ತ ಹೋದರೆ ಹೇಗೆ ಮಂದವಾಗುತ್ತದೆಯೋ ಹಾಗೆ, ನೀರಿನಂಶ ಹೋದಷ್ಟೂ ರಕ್ತವೂ ಮಂದವಾಗುತ್ತದೆ. ಆದರೆ ಚೊಗರು ನಿಂತಾಗಲೂ ಕಲಕಿದಾಗಲೂ ಹೆಚ್ಚುಕಡಿಮೆ ಒಂದೇ ಮಂದದಲ್ಲಿರುತ್ತದೆ, ರಕ್ತ ಹಾಗಲ್ಲ. ವೇಗವಾಗಿ ಓಡುವಾಗ ಅದು ತೆಳುವಾಗುತ್ತದೆ, ವೇಗ ತಗ್ಗಿದಾಗ ಹಲವು ಪಟ್ಟು ದಪ್ಪವಾಗುತ್ತದೆ.

ಇದಕ್ಕೆ ಕಾರಣ ಕೆಂಪುಕಣಗಳ ನಡವಳಿಕೆ. ಎಂಟು ಮೈಕ್ರಾನ್ ಅಗಲದ ಈ ಕಣಗಳು ಮಿದುವಾಗಿ ಬಾಗಬಲ್ಲವು, ಹಾಗಾಗಿಯೇ ತಮಗಿಂತ ಸಪೂರವಾದ ಲೋಮನಾಳಗಳಲ್ಲೂ ಮಡಚಿಕೊಂಡು ನುಸುಳುತ್ತವೆ. ವೇಗದ ಹರಿವಿನಲ್ಲಿ ಅವು ಉದ್ದುದ್ದಕ್ಕೆ ಚಾಚಿ ಹರಿವಿನ ದಿಕ್ಕಿಗೆ ಹೊಂದಿಕೊಳ್ಳುತ್ತವೆ. ಹರಿವು ನಿಧಾನವಾದಾಗ, ರಕ್ತದ ದ್ರವಭಾಗವಾದ ಪ್ಲಾಸ್ಮಾದಲ್ಲಿರುವ ಫೈಬ್ರಿನೋಜನ್ ಎಂಬ ಉದ್ದನೆಯ ಪ್ರೋಟೀನು ಅವುಗಳ ಚಪ್ಪಟೆ ಮುಖಗಳನ್ನು ಒಂದಕ್ಕೊಂದು ಅಂಟಿಸಿ ಸಾಲುಗಟ್ಟಿಸುತ್ತದೆ. ಫೈಬ್ರಿನೋಜನ್ ಸಾಮಾನ್ಯವಾಗಿ 200ರಿಂದ 400ರೊಳಗೆ ಇರಬೇಕು. ಬೀಡಿಯ ಹೊಗೆ, ಶ್ವಾಸಕೋಶದ ನಿರಂತರ ಉರಿಯೂತ ಇವು ಅದನ್ನು ಮೇಲೇರಿಸುತ್ತವೆ. ಮುಚ್ಚಿದ ಅಪಧಮನಿಯ ಕೆಳಗೆ ಒತ್ತಡ ಕಡಿಮೆ, ವೇಗ ಕಡಿಮೆ; ವೇಗ ಕಡಿಮೆಯಾದ್ದರಿಂದ ಕಣಗಳು ಸಾಲುಗಟ್ಟುತ್ತವೆ, ಸಾಲುಗಟ್ಟಿದ್ದರಿಂದ ವೇಗ ಇನ್ನೂ ಕುಗ್ಗುತ್ತದೆ. ಕಣಗಳು ಅತಿ ಸಣ್ಣ ನಾಳಗಳಲ್ಲಿ ನಡುವಿನಲ್ಲಿ ಸಾಗಿ ಅಂಚಿನಲ್ಲಿ ಪ್ಲಾಸ್ಮಾದ ತೆಳುಪದರ ಉಳಿಯುವುದರಿಂದ ಅಲ್ಲಿ ರಕ್ತ ತುಸು ಸಲೀಸಾಗಿ ಹರಿಯುತ್ತದೆಂದು 1931ರಲ್ಲಿ ಫಾರಿಯಸ್ ಮತ್ತು ಲಿಂಡ್ಕ್ವಿಸ್ಟ್ ತೋರಿಸಿದ್ದರು. ಆದರೆ ಗಡುಸಾದ ಬಿಳಿಕಣಗಳು ಲೋಮನಾಳಗಳ ಬಾಯಲ್ಲಿ ಸಿಕ್ಕಿಕೊಳ್ಳುವ ಕಾಲಿನಲ್ಲಿ ಆ ಅನುಕೂಲವೂ ಪೂರ್ತಿ ದಕ್ಕುವುದಿಲ್ಲ.

ಇದರ ಮೇಲೆ ಚಳಿ. ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಇಳಿದರೆ ರಕ್ತದ ಸ್ನಿಗ್ಧತೆ ಸುಮಾರು ಶೇ. 2ರಷ್ಟು ಏರುತ್ತದೆ. ಜನವರಿಯ ಮುಂಜಾನೆ ಇಬ್ಬನಿ ಬಿದ್ದ ತೋಟದಲ್ಲಿ ಬರಿಗಾಲಿನಲ್ಲಿ ನಿಂತವರ ಪಾದದ ಚರ್ಮ ದೇಹದ ಒಳಗಿಗಿಂತ ಹತ್ತು ಹನ್ನೆರಡು ಡಿಗ್ರಿ ತಣ್ಣಗಿರುವುದು ಅಸಾಮಾನ್ಯವಲ್ಲ. ಮೀನಖಂಡದ ಆಳದ ಸ್ನಾಯು ಅಷ್ಟು ತಣ್ಣಗಾಗುವುದಿಲ್ಲ ಎಂಬುದನ್ನೂ ಹೇಳಬೇಕು. ಆದ್ದರಿಂದ ಚಳಿಯ ಪಾತ್ರ ಪಾದದಲ್ಲಿ ಹೆಚ್ಚು, ನಡಿಗೆಯ ನೋವಿನಲ್ಲಿ ಕಡಿಮೆ.

ಈಗ ಆರು ವಾರಗಳ ಪ್ರಶ್ನೆಗೆ ಉತ್ತರ ಸಿಗುತ್ತದೆ. ಹೆಮಟೋಕ್ರಿಟ್ ಏರಿದ್ದಕ್ಕೆ ಎರಡು ಪದರಗಳ ಕಾರಣವಿತ್ತು. ಶ್ವಾಸಕೋಶ ಸೋತು ಆಮ್ಲಜನಕ ಕಡಿಮೆಯಾದಾಗ, ಕಾರ್ಬನ್ ಮಾನಾಕ್ಸೈಡ್ ಇದ್ದ ಹಿಮೋಗ್ಲೋಬಿನ್ನನ್ನೂ ಕಸಿದುಕೊಂಡಾಗ, ದೇಹ ಹೆಚ್ಚು ಕೆಂಪುಕಣಗಳನ್ನು ತಯಾರಿಸಿತು. ಇದು ವರ್ಷಗಳ ಕತೆ. ಅಕ್ಟೋಬರಿನ ಮಾತ್ರೆ, ಒಲೆಯ ಬೆವರು, ಕುಡಿಯದ ನೀರು ಇವು ಸೇರಿ ಪ್ಲಾಸ್ಮಾದ ಪ್ರಮಾಣವನ್ನು ಕುಗ್ಗಿಸಿದವು. ಇದು ವಾರಗಳ ಕತೆ. ಮೂಳೆಮಜ್ಜೆಯೇ ಹತೋಟಿ ತಪ್ಪಿ ಕಣಗಳನ್ನು ಹುಟ್ಟಿಸುವ ಕಾಯಿಲೆ ಇಲ್ಲವೆಂದು ಖಚಿತಪಡಿಸಿಕೊಳ್ಳಲು ಜ್ಯಾಕ್-2 ಪರೀಕ್ಷೆ ಮಾಡಿಸಲಾಯಿತು, ಅದು ಇಲ್ಲವೆಂದು ಬಂತು; ಕೆಂಪುಕಣಗಳ ತಯಾರಿಕೆಯನ್ನು ಪ್ರಚೋದಿಸುವ ಎರಿತ್ರೊಪೊಯಿಟಿನ್ ಎಂಬ ಹಾರ್ಮೋನು ತಗ್ಗಿರಲಿಲ್ಲ. ಒತ್ತಡದ ಕಡೆಯಿಂದಲೂ ಒಂದು ಮಾತು: ಹೊಸ ಮಾತ್ರೆಯಿಂದ ತೋಳಿನ ಒತ್ತಡ ಇಳಿದಾಗ ಬಳಸುನಾಳಗಳನ್ನು ದೂಡುವ ಒತ್ತಡವೂ ಅಷ್ಟರಮಟ್ಟಿಗೆ ಇಳಿದಿರಬೇಕು. ಹಾಗೆಂದು ಒತ್ತಡಕ್ಕೆ ಚಿಕಿತ್ಸೆ ಬೇಡವೆನ್ನುವುದು ಅಪಾಯದ ತರ್ಕ. ಈ ರೋಗಿಗಳು ಸಾಯುವುದು ಹೆಚ್ಚಾಗಿ ಹೃದಯಾಘಾತ ಮತ್ತು ಪಾರ್ಶ್ವವಾಯುವಿನಿಂದ, ಕಾಲಿನಿಂದಲ್ಲ.

ಒಬ್ಬ ರೋಗಿಯಲ್ಲಿ ಕಂಡ ಇಂಥ ಸಂಬಂಧ ಜನಸಮುದಾಯದಲ್ಲೂ ಇದೆಯೇ ಎಂಬುದಕ್ಕೆ ಸ್ಕಾಟ್ಲೆಂಡಿನ ಎಡಿನ್‌ಬರೊ ಅಪಧಮನಿ ಅಧ್ಯಯನ ಒಳ್ಳೆಯ ಆಧಾರ. 55ರಿಂದ 74 ವರ್ಷದ 1,592 ಜನರನ್ನು ಅಲ್ಲಿ ಪರೀಕ್ಷಿಸಲಾಯಿತು, ರಕ್ತದ ಸ್ನಿಗ್ಧತೆ ಮತ್ತು ಫೈಬ್ರಿನೋಜನ್ ಎರಡಕ್ಕೂ ಕಾಲಿನ ಅಪಧಮನಿ ಕಿರಿದಾಗುವುದಕ್ಕೂ ನಂಟಿರುವುದು 1993ರಲ್ಲಿ ಪ್ರಕಟವಾಯಿತು. ನಂಟು ಎಂದರೆ ಕಾರಣ ಎಂದಾಗುವುದಿಲ್ಲ. ರೋಗವೇ ಫೈಬ್ರಿನೋಜನನ್ನು ಏರಿಸುವ ಸಾಧ್ಯತೆಯನ್ನು ಅಲ್ಲಗಳೆಯಲಾಗದು.

ಅದೇ ಜಾಗ ಏಕೆ?

ಕೊಲೆಸ್ಟರಾಲ್, ಹೊಗೆ, ಒತ್ತಡ ಇವು ದೇಹದ ಎಲ್ಲ ನಾಳಗಳಿಗೂ ಸಮಾನವಾಗಿ ತಲುಪುತ್ತವೆ, ಆದರೆ ಅಡ್ಡಿ ಹುಟ್ಟುವುದು ಕೆಲವೇ ಜಾಗಗಳಲ್ಲಿ. ಹರಿಯುವ ರಕ್ತ ನಾಳದ ಒಳಪದರವನ್ನು ಸದಾ ಉಜ್ಜುತ್ತಿರುತ್ತದೆ. ಒಂದೇ ದಿಕ್ಕಿನ, ಬಲವಾದ ಉಜ್ಜುವಿಕೆಗೆ ಒಳಪದರದ ಕೋಶಗಳು ನೈಟ್ರಿಕ್ ಆಕ್ಸೈಡ್ ಬಿಡುಗಡೆ ಮಾಡಿ ನಾಳವನ್ನು ಸಡಿಲವಾಗಿಯೂ ನುಣುಪಾಗಿಯೂ ಇಡುತ್ತವೆ. ಉಜ್ಜುವಿಕೆ ದುರ್ಬಲವಾದಲ್ಲಿ ಅಥವಾ ಹಿಂದೆ ಮುಂದೆ ಹೊಯ್ದಾಡುವಲ್ಲಿ ಅದೇ ಕೋಶಗಳು ಬಿಳಿಕಣಗಳಿಗೆ ಅಂಟುವ ಅಣುಗಳನ್ನು ಹೊರಚಾಚುತ್ತವೆ, ಕೆಟ್ಟ ಕೊಲೆಸ್ಟರಾಲ್ ಗೋಡೆಯೊಳಗೆ ಇಳಿಯುತ್ತದೆ. ನಾಳಗಳು ಕವಲೊಡೆಯುವ, ಬಾಗುವ ಜಾಗಗಳಲ್ಲಿ ಹೀಗಾಗುತ್ತದೆ. ಮಂಡಿಯ ಮೇಲಿನ ಆ ಇಕ್ಕಟ್ಟಿನ ಹಾದಿಯಲ್ಲಿ, ಪ್ರತಿ ಬಾರಿ ಮಂಡಿ ಮಡಿಸಿದಾಗಲೂ ಅಪಧಮನಿ ಬಾಗಿ ತಿರುಚಿಕೊಳ್ಳುತ್ತದೆ.

ಕಾಲಿನ ದೊಡ್ಡ ಅಪಧಮನಿಗಳಲ್ಲಿ ವಿಶ್ರಾಂತಿಯ ಹೊತ್ತು ಪ್ರತಿ ಬಡಿತಕ್ಕೂ ರಕ್ತ ಮುಂದೆ ಹೋಗಿ, ಕ್ಷಣಕಾಲ ಹಿಂದಕ್ಕೆ ಬಂದು, ಮತ್ತೆ ತುಸು ಮುಂದೆ ಸರಿಯುತ್ತದೆ. ನಡೆಯುವಾಗ ಹಿಂದಕ್ಕೆ ಬರುವ ಆ ಹಂತ ಮಾಯವಾಗಿ ಹರಿವು ಒಂದೇ ದಿಕ್ಕಿನದಾಗುತ್ತದೆ. ನಡಿಗೆಯ ಲಾಭಕ್ಕೆ ಇದೂ ಒಂದು ಕಾರಣವಾಗಿರುವುದು ಸಂಭವನೀಯ.

ರಕ್ತ ತೆಗೆಸುವ ಪ್ರಶ್ನೆ

ಕಾರಣ ಕೇಳಿದ ಮೇಲೆ ಮನೆಯವರಿಂದ ಬಂದ ಮೊದಲ ಪ್ರಶ್ನೆ ಸಹಜವೇ ಆಗಿತ್ತು: "ಹಾಗಾದ್ರೆ ಒಂದು ಬಾಟ್ಲಿ ರಕ್ತ ತೆಗೆದುಬಿಟ್ರೆ ಆಗಲ್ವಾ ಸಾರ್?" ಮೂಳೆಮಜ್ಜೆಯ ಕಾಯಿಲೆಯಾಗಿದ್ದರೆ ಹೌದು ಎನ್ನಬೇಕಾಗುತ್ತಿತ್ತು. ಆ ಕಾಯಿಲೆಯ 365 ರೋಗಿಗಳ ಮೇಲೆ ಇಟಲಿಯಲ್ಲಿ ನಡೆದು 2013ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಹೆಮಟೋಕ್ರಿಟ್ಟನ್ನು 45ಕ್ಕಿಂತ ಕೆಳಗೆ ಇಟ್ಟವರಿಗೆ ಹೋಲಿಸಿದರೆ 45ರಿಂದ 50ರೊಳಗೆ ಬಿಟ್ಟವರಲ್ಲಿ ಹೃದ್ರೋಗದ ಸಾವು ಮತ್ತು ದೊಡ್ಡ ಹೆಪ್ಪುಗಟ್ಟುವಿಕೆ ಸುಮಾರು ನಾಲ್ಕು ಪಟ್ಟು ಕಂಡಿತು. ಶ್ವಾಸಕೋಶದ ದೋಷದಿಂದ ಏರಿದ ಕೆಂಪುಕಣಗಳ ವಿಷಯ ಅಷ್ಟು ಸರಳವಲ್ಲ, ಏಕೆಂದರೆ ಅವು ಕೊರತೆಯ ಆಮ್ಲಜನಕವನ್ನು ಹೊರಲೆಂದೇ ಹುಟ್ಟಿದವು. ಸ್ನಾಯುವಿಗೆ ಬೇಕಾದದ್ದು ರಕ್ತವಲ್ಲ, ಆಮ್ಲಜನಕ. ಅದು ಹರಿವು ಮತ್ತು ಹಿಮೋಗ್ಲೋಬಿನ್ ಎರಡರ ಗುಣಲಬ್ಧವನ್ನು ಅವಲಂಬಿಸಿದೆ. ದಪ್ಪ ರಕ್ತವನ್ನು ತೆಳುವಾಗಿಸಿದರೆ ಒಂದು ಹಂತದವರೆಗೆ ಹರಿವಿನ ಲಾಭ ಹೆಚ್ಚು, ಅದನ್ನು ದಾಟಿದರೆ ಹಿಮೋಗ್ಲೋಬಿನ್ ನಷ್ಟವೇ ಹೆಚ್ಚು. ಮೊದಲು ನೀರಿನ ಕೊರತೆಯ ಪದರವನ್ನು ಸರಿಪಡಿಸಿ, ಆಮೇಲೂ 55ರ ಮೇಲೇ ಉಳಿದರೆ ಸ್ವಲ್ಪ ಸ್ವಲ್ಪವೇ ತೆಗೆಯುವುದೆಂದು ತೀರ್ಮಾನವಾಯಿತು.

ಮಲೆನಾಡಿನಲ್ಲಿ ಈ ಮಾತು ಉಂಬಳಕ್ಕೆ (ಜಿಗಣೆಗೆ) ಹೋಗದೆ ನಿಲ್ಲುವುದಿಲ್ಲ. ಮಳೆಗಾಲದಲ್ಲಿ ಉಂಬಳ ಹತ್ತಿಸಿಕೊಂಡರೆ ಕೆಟ್ಟ ರಕ್ತ ಹೋಗಿ ಕಾಲು ಹಗುರಾಗುತ್ತದೆಂಬ ನಂಬಿಕೆ ನೆರೆಮನೆಯ ಹಿರಿಯರೊಬ್ಬರದು. ಉಂಬಳ ಹೀರುವ ಕೆಲವು ಮಿಲಿಲೀಟರ್ ರಕ್ತದಿಂದ ಐದು ಲೀಟರ್ ರಕ್ತದ ಸ್ನಿಗ್ಧತೆ ಬದಲಾಗುವುದಿಲ್ಲ. ಆದರೆ ರಕ್ತ ತಲುಪದ ಪಾದದಲ್ಲಿ ಅದು ಮಾಡುವ ಗಾಯ ಮಾಯದೆ ಹುಣ್ಣಾಗಬಹುದು. ಬಚ್ಚಲೊಲೆಯ ಮುಂದೆ ಪಾದ ಕಾಯಿಸುವ ಅಭ್ಯಾಸವನ್ನೂ ಇದೇ ಕಾರಣಕ್ಕೆ ಕಡ್ಡಾಯವಾಗಿ ನಿಲ್ಲಿಸಬೇಕಾಯಿತು. ಕಾವು ಕೊಟ್ಟಷ್ಟೂ ಚರ್ಮದ ಆಮ್ಲಜನಕದ ಬೇಡಿಕೆ ಏರುತ್ತದೆ, ಅದನ್ನು ಪೂರೈಸುವ ಹರಿವು ಇಲ್ಲದ ಪಾದ ಬೇಗ ಸುಡುತ್ತದೆ. ಉಣ್ಣೆಯ ಕಾಲುಚೀಲ ಸಾಕು.

ಚಿಕಿತ್ಸೆ

ಬೀಡಿ ಮತ್ತು ಹೊಗೆಸೊಪ್ಪು ನಿಲ್ಲಿಸುವುದು ಮೊದಲನೆಯದು, ಉಳಿದೆಲ್ಲಕ್ಕಿಂತ ಮುಖ್ಯವಾದದ್ದು. ಕಾರ್ಬನ್ ಮಾನಾಕ್ಸೈಡ್ ಒಂದೆರಡು ದಿನಗಳಲ್ಲಿ ರಕ್ತದಿಂದ ಹೋಗುತ್ತದೆ, ಹೆಮಟೋಕ್ರಿಟ್ ವಾರಗಳಲ್ಲಿ ಇಳಿಯುತ್ತದೆ, ಫೈಬ್ರಿನೋಜನ್ ಇಳಿಯಲು ಬಹಳ ಕಾಲ ಬೇಕು. ನಿಕೋಟಿನ್ ಚೂಯಿಂಗ್ ಗಮ್ ಕೊಡಲಾಯಿತು. ಮೂತ್ರ ಹೆಚ್ಚಿಸುವ ಮಾತ್ರೆಯ ಬದಲು ಒತ್ತಡಕ್ಕೆ ಬೇರೆ ಬಗೆಯ ಔಷಧಿ, ದಿನಕ್ಕೆ ಎರಡರಿಂದ ಎರಡೂವರೆ ಲೀಟರ್ ನೀರು, ಕೊಲೆಸ್ಟರಾಲಿಗೆ ಹೆಚ್ಚಿನ ಪ್ರಮಾಣದ ಅಟೊರ್ವಾಸ್ಟಾಟಿನ್, ಕ್ಲೋಪಿಡೊಗ್ರೆಲ್ 75 ಮಿ.ಗ್ರಾಂ. ಈ ಕೊನೆಯದನ್ನಾಗಲಿ ಆಸ್ಪಿರಿನ್ನನ್ನಾಗಲಿ ನುಂಗಿದರೆ ರಕ್ತ ನೀರಾಗುತ್ತದೆಂಬ ಭಾವನೆ ಓದಿದವರಲ್ಲೂ ಇದೆ. ಅವು ರಕ್ತದ ಕಿರುಬಿಲ್ಲೆಗಳು (ಪ್ಲೇಟ್‌ಲೆಟ್) ಒಂದಕ್ಕೊಂದು ಅಂಟಿ ಹೆಪ್ಪಾಗುವುದನ್ನು ತಡೆಯುತ್ತವೆ, ರಕ್ತದ ಸ್ನಿಗ್ಧತೆಯನ್ನು ಬದಲಿಸುವುದಿಲ್ಲ. ಮಾತ್ರೆ ಇದೆಯೆಂದು ನೀರು ಕುಡಿಯುವುದನ್ನು ಬಿಡುವಂತಿಲ್ಲ.

ಕೆಂಪುಕಣಗಳನ್ನು ಮಿದುವಾಗಿಸಿ ರಕ್ತದ ಹರಿವನ್ನು ಸುಧಾರಿಸುತ್ತದೆಂದು ಹೆಸರಾದ ಔಷಧಿ ಪೆಂಟಾಕ್ಸಿಫಿಲಿನ್. ಅಮೆರಿಕದಲ್ಲಿ ಇದಕ್ಕೆ 1984ರಲ್ಲಿ ಅನುಮತಿ ಸಿಕ್ಕಿತ್ತು. ಈ ಬರಹದ ವಾದಕ್ಕೆ ಅದೇ ತಕ್ಕ ಔಷಧಿ ಎಂದು ತೋರಬಹುದು. ಆದರೆ 2000ದಲ್ಲಿ ಪ್ರಕಟವಾದ, 698 ರೋಗಿಗಳ 24 ವಾರಗಳ ಪರೀಕ್ಷೆಯಲ್ಲಿ ಸಿಲೊಸ್ಟಾಜೋಲ್ ಎಂಬ ಇನ್ನೊಂದು ಔಷಧಿ ಪಡೆದವರ ನಡಿಗೆಯ ದೂರ ಸರಾಸರಿ 107 ಮೀಟರ್ ಹೆಚ್ಚಿದರೆ, ಪೆಂಟಾಕ್ಸಿಫಿಲಿನ್ ಪಡೆದವರದು 64, ಹುಸಿಮಾತ್ರೆ ಪಡೆದವರದು 65 ಮೀಟರ್ ಹೆಚ್ಚಿತು. ಸಿದ್ಧಾಂತ ಚೆನ್ನಾಗಿದೆಯೆಂದು ಔಷಧಿ ಕೆಲಸ ಮಾಡಬೇಕೆಂದೇನೂ ಇಲ್ಲ. ಎಕೋ ಪರೀಕ್ಷೆಯಲ್ಲಿ ಹೃದಯದ ಸೋಲು ಇಲ್ಲವೆಂದು ನೋಡಿಕೊಂಡು ಸಿಲೊಸ್ಟಾಜೋಲ್ 100 ಮಿ.ಗ್ರಾಂ ದಿನಕ್ಕೆರಡು ಬಾರಿ ಆರಂಭಿಸಲಾಯಿತು; ಹೃದಯ ಸೋತವರಿಗೆ ಇದನ್ನು ಕೊಡುವಂತಿಲ್ಲ.

ಉಳಿದದ್ದು ನಡಿಗೆ. ವಾರಕ್ಕೆ ಕನಿಷ್ಠ ಮೂರು ದಿನ, ದಿನಕ್ಕೆ 30ರಿಂದ 45 ನಿಮಿಷ, ನೋವು ಸಾಕಷ್ಟು ಏರುವವರೆಗೆ ನಡೆದು, ನಿಂತು, ನೋವು ಹೋದ ಮೇಲೆ ಮತ್ತೆ ನಡೆಯುವುದು. ಹೀಗೆ ಕನಿಷ್ಠ ಹನ್ನೆರಡು ವಾರ. ನೋವು ಬಂದರೆ ಕಾಲಿಗೆ ಪೆಟ್ಟು ಎಂಬ ಭಯವನ್ನು ಮೊದಲು ಕಳೆಯಬೇಕು. ಹೊಸನಗರದ ಕಡೆ ಸಮತಟ್ಟಾದ ನೂರು ಮೀಟರ್ ಸಿಗುವುದು ಸುಲಭವಲ್ಲ, ಮನೆಯಂಗಳದ ತುಂಬ ಅಡಿಕೆ ಹರಡಿರುತ್ತದೆ. ಕೊನೆಗೆ ಊರಿನ ಶಾಲೆಯ ಮೈದಾನ ಗೊತ್ತಾಯಿತು.

ಹನ್ನೆರಡು ವಾರಗಳ ನಂತರ

ಎರಡು ವಾರಗಳಲ್ಲಿ ಹೆಮಟೋಕ್ರಿಟ್ 51ಕ್ಕೆ ಇಳಿಯಿತು, ರಕ್ತ ತೆಗೆಯುವ ಮಾತು ಅಲ್ಲಿಗೆ ಮುಗಿಯಿತು. ಹನ್ನೆರಡನೇ ವಾರದಲ್ಲಿ ಅದು 48, ಫೈಬ್ರಿನೋಜನ್ 410. ನೋವು ಶುರುವಾಗುವ ದೂರ ನೂರು ಮೀಟರಿನಿಂದ ಮುನ್ನೂರೈವತ್ತರ ಆಸುಪಾಸಿಗೆ ಬಂದಿತ್ತು. ಬೀಡಿ ಪೂರ್ತಿ ನಿಂತಿರಲಿಲ್ಲ. ಮದುವೆ ಮನೆಗಳಲ್ಲಿ ಒಂದೆರಡು ನಡೆಯುತ್ತಿತ್ತು.

ಕಣಕಾಲಿನ ಒತ್ತಡದ ಅನುಪಾತ ಎಡಕ್ಕೆ 0.63, ಬಲಕ್ಕೆ 0.89. ಈ ಪರೀಕ್ಷೆಯಲ್ಲಿ 0.15ಕ್ಕಿಂತ ಕಡಿಮೆ ವ್ಯತ್ಯಾಸವನ್ನು ಬದಲಾವಣೆಯೆಂದು ಎಣಿಸುವುದಿಲ್ಲ, ಆದ್ದರಿಂದ ಅಪಧಮನಿ ಇದ್ದಂತೆಯೇ ಇದೆ ಎನ್ನಬೇಕು. ಮುಚ್ಚಿದ ಆರು ಸೆಂಟಿಮೀಟರ್ ಈಗಲೂ ಮುಚ್ಚಿಯೇ ಇದೆ, ನಡಿಗೆ ಮಾತ್ರ ಮೂರು ಪಟ್ಟಿಗೂ ಮಿಕ್ಕಿ ಹೆಚ್ಚಿದೆ. ಇದರಲ್ಲಿ ರಕ್ತ ತೆಳುವಾದದ್ದರ ಪಾಲೆಷ್ಟು, ಸಿಲೊಸ್ಟಾಜೋಲಿನ ಪಾಲೆಷ್ಟು, ತರಬೇತಿಯಿಂದ ಸ್ನಾಯು ಆಮ್ಲಜನಕವನ್ನು ಚೆನ್ನಾಗಿ ಬಳಸಲು ಕಲಿತದ್ದರ ಪಾಲೆಷ್ಟು ಎಂದು ಬಿಡಿಸಿ ಹೇಳಲು ಬರುವುದಿಲ್ಲ, ಎಲ್ಲವನ್ನೂ ಒಟ್ಟಿಗೇ ಆರಂಭಿಸಲಾಗಿತ್ತು. ಔಷಧಿ ಮತ್ತು ನಡಿಗೆಯ ಪೂರ್ಣ ಪರಿಣಾಮ ಕಾಣಲು ಸಾಮಾನ್ಯವಾಗಿ ತಿಂಗಳುಗಳೇ ಬೇಕು. ಇವರು ಎರಡನೇ ವಾರದಲ್ಲೇ, ಹೆಮಟೋಕ್ರಿಟ್ ಇಳಿದ ಹೊತ್ತಿಗೆ, ಇನ್ನೂರು ಮೀಟರ್ ದಾಟುತ್ತಿದ್ದರು. ಮೊದಲ ಸುಧಾರಣೆಯನ್ನು ರಕ್ತದ ಗುಣಕ್ಕೆ ಒಪ್ಪಿಸಲು ನನಗಿರುವ ಆಧಾರ ಅಷ್ಟೇ.

ಮುಚ್ಚಿದ ನಾಳವನ್ನು ಒಳಗಿನಿಂದ ಹಿಗ್ಗಿಸುವ ಬಲೂನು ಚಿಕಿತ್ಸೆಗೆ ಬೆಂಗಳೂರಿಗೆ ಹೋಗಬೇಕೇ ಎಂದು ಮಗ ಕೇಳಿದರು. ರಾತ್ರಿ ಮಲಗಿದಾಗಲೂ ಪಾದ ನೋಯತೊಡಗಿದರೆ, ಎರಡು ವಾರಕ್ಕೂ ಮಾಯದ ಗಾಯ ಕಂಡರೆ ಅಥವಾ ತೋಟದ ಕೆಲಸಕ್ಕೆ ಈ ನಡಿಗೆಯೂ ಸಾಲದೆನಿಸಿದರೆ ಹೋಗಬೇಕು. ಅಲ್ಲಿಯವರೆಗೆ ಈಗಿನ ಕ್ರಮವೇ ಮುಂದುವರಿಯಲಿ ಎಂದು ತಿಳಿಸಲಾಯಿತು. ಮಳೆಗಾಲ ಹಿಡಿಯುವ ಮೊದಲು, ಜೂನ್ ಮೊದಲ ವಾರದಲ್ಲಿ, ಹೆಮಟೋಕ್ರಿಟ್ ಮತ್ತು ಕಣಕಾಲಿನ ಒತ್ತಡವನ್ನು ಮತ್ತೊಮ್ಮೆ ನೋಡುವುದೆಂದೂ, ಅಷ್ಟರೊಳಗೆ ಪಾದ ಮುಚ್ಚುವ, ಬಿಗಿಯಿಲ್ಲದ ರಬ್ಬರ್ ಬೂಟು ಕೊಂಡುಕೊಳ್ಳಬೇಕೆಂದೂ ಚೀಟಿಯಲ್ಲಿ ಬರೆದುಕೊಡಲಾಗಿದೆ.